ತಿದ್ದಿದ ಬೈಲಾ ಯಾರ ಬಳಿ ಇದೆ?

ಕಾಂಚೀಪುರ ಜಿಲ್ಲೆಯ ಉತ್ತರಮೇರೂರಿನ ವೈಕುಂಠಪೆರುಮಾಳ್ ದೇವಾಲಯದ ಗೋಡೆಯ ಮೇಲೆ ಚೋಳ ದೊರೆ ಒಂದನೆಯ ಪರಾಂತಕನ ಕಾಲದ ಎರಡು ಶಾಸನಗಳಿವೆ. ಒಂದು ಅವನ ಆಳ್ವಿಕೆಯ 12ನೇ ವರ್ಷದ್ದು, ಇನ್ನೊಂದು 14ನೇ ವರ್ಷದ್ದು, ಸುಮಾರು ಕ್ರಿ.ಶ. 919 ಮತ್ತು 921. ಕೆರೆ, ತೋಟ ಮುಂತಾದ ಊರ ಕೆಲಸಗಳನ್ನು ನೋಡಿಕೊಳ್ಳುವ ಸಮಿತಿಗಳಿಗೆ ಸಭೆ ಜನರನ್ನು ಹೇಗೆ ಆರಿಸಬೇಕು ಎಂಬುದನ್ನು ಎರಡೂ ಹೇಳುತ್ತವೆ. ಓಲೆಯಲ್ಲಿ ಹೆಸರು ಬರೆದು, ಕೊಡದಲ್ಲಿ ಹಾಕಿ, ಚೀಟಿ ಎತ್ತುವ ಆ ಪದ್ಧತಿಯನ್ನು ನಮ್ಮ ಪುರಾತನ ಪ್ರಜಾಪ್ರಭುತ್ವದ ಸಾಕ್ಷಿಯೆಂದು ಭಾಷಣಗಳಲ್ಲಿ ಎತ್ತಿ ಹೇಳುವುದುಂಟು. ಆ ಹೊಗಳಿಕೆಯನ್ನು ಸ್ವಲ್ಪ ಹಿಡಿತದಲ್ಲಿಡುವುದು ಒಳ್ಳೆಯದು, ಏಕೆಂದರೆ ಅಲ್ಲಿ ಸ್ಥಾನ ಪಡೆಯಲು ಭೂಮಿ, ಸ್ವಂತ ಮನೆ, ವೇದದ ಓದು ಎಲ್ಲವೂ ಬೇಕಿತ್ತು; ಊರಿನ ಬಹುಪಾಲು ಜನ ಆ ಲೆಕ್ಕಕ್ಕೇ ಬರುತ್ತಿರಲಿಲ್ಲ. ಭಾಷಣಕಾರರು ಗಮನಿಸದ ಸಂಗತಿ ಬೇರೊಂದಿದೆ. ಎರಡನೆಯ ಶಾಸನ ಮೊದಲನೆಯದರ ತಿದ್ದುಪಡಿ. ಮೊದಲು ವಯಸ್ಸಿನ ಮಿತಿ 30ರಿಂದ 60 ಇದ್ದದ್ದು ಎರಡನೆಯದರಲ್ಲಿ 35ರಿಂದ 70 ಆಯಿತು. ಅನರ್ಹರು ಯಾರು ಎಂಬ ಪಟ್ಟಿ ಬಹಳ ವಿಸ್ತಾರವಾಯಿತು. ಸಭೆ ಬರೀ ಬದಲಾದ ಅಂಶಗಳನ್ನು ಕೆತ್ತಿಸಿ ಕೈತೊಳೆದುಕೊಳ್ಳಲಿಲ್ಲ. ಇಡೀ ಕ್ರಮವನ್ನು ಮೊದಲಿಂದ ಕೊನೆಯವರೆಗೆ ಹೊಸದಾಗಿ ಬರೆಸಿತು, ಹಳೆಯದನ್ನು ಅಳಿಸದೆ ಉಳಿಸಿತು. ಈಗಿನ ನಿಯಮ ಯಾವುದು, ಹಿಂದಿನದು ಯಾವುದು, ನಡುವೆ ಏನು ಬದಲಾಯಿತು ಎಂಬ ಮೂರು ಪ್ರಶ್ನೆಗಳಿಗೂ ಓದಬಲ್ಲವನಿಗೆ ಗೋಡೆಯಲ್ಲೇ ಉತ್ತರವಿತ್ತು.

ಸದಸ್ಯರೇ ಕಟ್ಟಿ ಸದಸ್ಯರೇ ನಡೆಸುವ ಸಂಸ್ಥೆಗಳ ಇತಿಹಾಸವನ್ನು ಈ ಮೂರು ಪ್ರಶ್ನೆಗಳ ಮೂಲಕ ನೋಡಿದರೆ ನಮ್ಮ ನಾಡಿನ ಸಹಕಾರ ಸಂಘಗಳ ಕಥೆ ಬೇರೆಯೇ ರೀತಿಯಲ್ಲಿ ಕಾಣುತ್ತದೆ. ಸಾಮಾನ್ಯವಾಗಿ ಆ ಕಥೆಯನ್ನು ಬಂಡವಾಳ, ಸಾಲ ವಸೂಲಿ, ಚುನಾವಣೆ, ಸರ್ಕಾರದ ಹಸ್ತಕ್ಷೇಪ ಇವುಗಳ ಕಥೆಯಾಗಿ ಹೇಳುತ್ತಾರೆ. ಅವೆಲ್ಲ ನಿಜ. ಆದರೆ ಅವುಗಳ ಅಡಿಯಲ್ಲಿ ಇನ್ನೊಂದು ಎಳೆ ಹರಿದಿದೆ. ಕಳೆದ ಒಂದೂವರೆ ಶತಮಾನದಲ್ಲಿ ನಮ್ಮ ಕಾನೂನುಗಳು ‘ಈ ತಿದ್ದುಪಡಿ ಸಿಂಧುವೇ’ ಎಂಬ ಪ್ರಶ್ನೆಗೆ ಬರಬರುತ್ತಾ ಬಿಗಿಯಾದ ಉತ್ತರ ಕೊಡುತ್ತ ಬಂದವು. ‘ತಿದ್ದಿದ ಮೇಲೆ ನಿಯಮ ಈಗ ಹೇಗಿದೆ’ ಎಂಬ ಪ್ರಶ್ನೆಯನ್ನು ಮಾತ್ರ ಸಂಘದ ಕಪಾಟಿಗೆ ಬಿಟ್ಟವು. ಮೊದಲ ಪ್ರಶ್ನೆಗೆ ಉತ್ತರ ಹೇಳುವವನು ಅಧಿಕಾರಿ. ಎರಡನೆಯದಕ್ಕೆ ಉತ್ತರ ಗೊತ್ತಿರುವವನು ಕಪಾಟಿನ ಬೀಗದ ಕೈ ಇಟ್ಟುಕೊಂಡವನು. ಮತ ಹಾಕಿ ತಿದ್ದುಪಡಿ ಮಾಡಿದ ಸದಸ್ಯ ಇಬ್ಬರ ನಡುವೆ ಹೊರಗುಳಿದ. ತಿದ್ದಿದ ಉಪವಿಧಿಯನ್ನು, ಅಂದರೆ ಬೈಲಾವನ್ನು, ಸ್ಪಷ್ಟವಾಗಿ, ಒಟ್ಟಾಗಿ ಬರೆದು ಸದಸ್ಯನ ಕೈಗೆ ಕೊಡುವುದು ಗುಮಾಸ್ತಿಕೆಯ ಕೆಲಸವಲ್ಲ. ಸಂಘ ಯಾರದ್ದು ಎಂಬುದನ್ನು ನಿರ್ಧರಿಸುವ ಕೆಲಸ. ಈ ಬರಹದ ವಾದ ಇಷ್ಟೆ.

ಹಾಗಾದರೆ ಸದಸ್ಯ ಮೊದಲಿನಿಂದಲೂ ಹೊರಗಿದ್ದನೇ? ಇಲ್ಲ. 1860ರ ಸಂಘಗಳ ನೋಂದಣಿ ಕಾಯ್ದೆಯನ್ನು ನೋಡಿ. ಸಾಹಿತ್ಯ, ವಿಜ್ಞಾನ, ಧರ್ಮಕಾರ್ಯಗಳಿಗಾಗಿ ಏಳು ಜನ ಸೇರಿ ಸಹಿ ಹಾಕಿದರೆ ಸಂಘವೊಂದನ್ನು ನೋಂದಾಯಿಸಬಹುದಾಗಿದ್ದ ಕಾಲವದು. ಅದರ 12ನೇ ಕಲಮು ಸಂಘದ ಮೂಲ ಉದ್ದೇಶವನ್ನೇ ಬದಲಿಸುವ ಬಗೆಯನ್ನು ವಿಧಿಸುತ್ತದೆ. ಆಡಳಿತ ಮಂಡಳಿ ತನ್ನ ಪ್ರಸ್ತಾವವನ್ನು ಬರೆದು ಅಥವಾ ಅಚ್ಚು ಹಾಕಿಸಿ ಸದಸ್ಯರ ಮುಂದಿಡಬೇಕು. ವಿಶೇಷ ಸಭೆಗೆ ಹತ್ತು ದಿನ ಮುಂಚೆ ಅದು ಪ್ರತಿಯೊಬ್ಬ ಸದಸ್ಯನಿಗೂ ಕೈಯಾರೆ ಇಲ್ಲವೇ ಅಂಚೆಯಲ್ಲಿ ತಲುಪಬೇಕು. ಸಭೆಯಲ್ಲಿ ಐದರಲ್ಲಿ ಮೂರು ಪಾಲು ಮತ ಬೀಳಬೇಕು. ಅಷ್ಟಕ್ಕೇ ಮುಗಿಯಲಿಲ್ಲ, ಒಂದು ತಿಂಗಳ ಅಂತರ ಬಿಟ್ಟು ಎರಡನೆಯ ವಿಶೇಷ ಸಭೆ ಕರೆದು, ಅಲ್ಲಿಯೂ ಐದರಲ್ಲಿ ಮೂರು ಪಾಲು ಮತದಿಂದ ಅದು ಸ್ಥಿರವಾಗಬೇಕು. ಈ ಕ್ರಮ ನಿಧಾನದ್ದು, ತುಸು ತೊಡಕಿನದೂ ಹೌದು. ಅದರ ಒಳಗಿನ ನಂಬಿಕೆ ಮಾತ್ರ ತಿಳಿಯಾಗಿದೆ: ತಿದ್ದುಪಡಿಯ ಬಲ ಬರುವುದು ಅದನ್ನು ಓದಿ, ಒಂದು ತಿಂಗಳು ಯೋಚಿಸಿ, ಮತ್ತೆ ಕೈ ಎತ್ತಿದ ಸದಸ್ಯರಿಂದ. ಅಂಚೆ ಲಕೋಟೆಯಲ್ಲಿ ಬಂದ ಕಾಗದ ಇಲ್ಲಿ ಕಾನೂನಿನ ಅಂಗ. ಓದಿಗೆ ಮತದಷ್ಟೇ ಸ್ಥಾನ ಕೊಟ್ಟ ವ್ಯವಸ್ಥೆ ಅದು, ಕೊನೆಯ ಪಕ್ಷ ಮೂಲ ಉದ್ದೇಶದ ವಿಷಯದಲ್ಲಿ. ಒಳಾಡಳಿತದ ನಿಯಮಗಳಿಗೆ ಅಷ್ಟು ಕಾವಲು ಅದರಲ್ಲಿಯೂ ಇರಲಿಲ್ಲ.

ರೈತರ ಸಾಲಕ್ಕೆಂದು 1904ರಲ್ಲಿ ಸಹಕಾರ ಪತ್ತಿನ ಸಂಘಗಳ ಕಾಯ್ದೆ ಬಂದಾಗ ಸನ್ನಿವೇಶ ಬೇರೆಯಾಗಿತ್ತು. ಸಾಹುಕಾರನ ಬಡ್ಡಿಯಲ್ಲಿ ಸಿಕ್ಕಿಕೊಂಡ ಹಳ್ಳಿಗರಿಗೆ ಜರ್ಮನಿಯ ರೈಫೈಸನ್ ಮಾದರಿಯ ಸಂಘಗಳು ನೆರವಾದಾವು ಎಂದು ಮದ್ರಾಸಿನ ಫ್ರೆಡರಿಕ್ ನಿಕಲ್ಸನ್ 1890ರ ದಶಕದಲ್ಲಿ ವರದಿ ಕೊಟ್ಟಿದ್ದರು. ಮಸೂದೆಯನ್ನು ಮಂಡಿಸಿದ ಡೆನ್ಜಿಲ್ ಇಬ್ಬೆಟ್ಸನ್ ಸರಳತೆ ಮತ್ತು ಹೊಂದಿಕೊಳ್ಳುವ ಗುಣ ಇವೆರಡನ್ನೂ ಅದರ ಜೀವಾಳವೆಂದು ಕರೆದರು. ಕಾಯ್ದೆ ಚಿಕ್ಕದಾಗಿರಲಿ, ವಿವರಗಳನ್ನು ಆಯಾ ಸಂಘ ತನ್ನ ಉಪವಿಧಿಯಲ್ಲಿ ಬರೆದುಕೊಳ್ಳಲಿ ಎಂಬುದು ಅದರ ಹಿಂದಿನ ಆಶಯ. ಮರುವರ್ಷವೇ, 1905ರಲ್ಲಿ, ಅಂದಿನ ಮುಂಬಯಿ ಪ್ರಾಂತಕ್ಕೆ ಸೇರಿದ ಧಾರವಾಡ ಜಿಲ್ಲೆಯ ಗದಗ ಬಳಿಯ ಕಣಗಿನಹಾಳದಲ್ಲಿ ಸಿದ್ಧನಗೌಡ ಸಣ್ಣರಾಮನಗೌಡ ಪಾಟೀಲರ ಮುಂದಾಳತ್ವದಲ್ಲಿ ದೇಶದ ಮೊದಮೊದಲ ಪತ್ತಿನ ಸಂಘಗಳಲ್ಲಿ ಒಂದು ಹುಟ್ಟಿತು. ಅದೇ ವರ್ಷ ಮೈಸೂರು ಸಂಸ್ಥಾನವೂ ತನ್ನದೇ ಸಹಕಾರ ಕಾನೂನನ್ನು ಮಾಡಿಕೊಂಡಿತು. ಇಲ್ಲಿ ಒಂದು ವಿವರವನ್ನು ಮರೆಯಬಾರದು. 1904ರ ಕಾಯ್ದೆಯಲ್ಲಿ ಗ್ರಾಮೀಣ ಸಂಘದ ಸದಸ್ಯರ ಹೊಣೆ ಅಪರಿಮಿತ. ಸಂಘ ಮುಳುಗಿದರೆ ಷೇರಿನ ಹಣ ಮಾತ್ರ ಹೋಗುವುದಲ್ಲ, ಸದಸ್ಯನ ಹೊಲಮನೆಯವರೆಗೂ ಬಾಕಿ ಬೆನ್ನಟ್ಟಿ ಬರಬಹುದು. ಯಾರಿಗೆ ಎಷ್ಟು ಸಾಲ ಕೊಡಬಹುದು, ಯಾವ ಕೆಲಸಕ್ಕೆ, ಯಾರ ಜಾಮೀನಿನ ಮೇಲೆ ಎಂಬ ಉಪವಿಧಿಯ ಸಾಲುಗಳು ಆ ರೈತನಿಗೆ ಒಣ ಕಾಗದವಾಗಿರಲಿಲ್ಲ. ಸಾಲದ ಮಿತಿಯನ್ನು ಏರಿಸುವ ಒಂದು ತಿದ್ದುಪಡಿ ಎಂದರೆ ತನ್ನ ನೆರೆಯವನ ಸಾಲಕ್ಕೆ ತನ್ನ ಎರೆಹೊಲ ಇನ್ನಷ್ಟು ಹೊಣೆಯಾಗುವುದು. ನಿಯಮದ ಈಗಿನ ರೂಪ ಗೊತ್ತಿರಬೇಕಾದ ಅಗತ್ಯ ಅಲ್ಲಿ ಹೊಟ್ಟೆಪಾಡಿನ ಅಗತ್ಯವಾಗಿತ್ತು.

1912ರಲ್ಲಿ ಆ ಕಾಯ್ದೆಯ ಜಾಗಕ್ಕೆ ಬಂದ ಹೊಸ ಸಹಕಾರ ಸಂಘಗಳ ಕಾಯ್ದೆ ಸಾಲವಲ್ಲದ ಬೇರೆ ಉದ್ದೇಶಗಳ ಸಂಘಗಳಿಗೂ, ಸಂಘಗಳೇ ಸೇರಿ ಕಟ್ಟುವ ಮೇಲುಸಂಘಗಳಿಗೂ ದಾರಿ ತೆರೆಯಿತು. ಅದರ 11ನೇ ಕಲಮು ನಮ್ಮ ವಿಷಯಕ್ಕೆ ನೇರವಾಗಿ ಸಂಬಂಧಿಸಿದ್ದು. ನೋಂದಾಯಿತ ಸಂಘದ ಉಪವಿಧಿಗೆ ಮಾಡಿದ ಯಾವ ತಿದ್ದುಪಡಿಯೂ ರಿಜಿಸ್ಟ್ರಾರರಲ್ಲಿ ನೋಂದಣಿಯಾಗುವವರೆಗೆ ಸಿಂಧುವಲ್ಲ. ನೋಂದಣಿಯಾದ ಮೇಲೆ ಅವರು ದೃಢೀಕರಿಸಿ ಕೊಟ್ಟ ಪ್ರತಿಯೇ ಅದು ಸರಿಯಾಗಿ ನೋಂದಣಿಯಾಗಿದೆ ಎಂಬುದಕ್ಕೆ ಕೊನೆಯ ಸಾಕ್ಷ್ಯ. ಹಾಗೆ ಮಾಡಿದ್ದಕ್ಕೆ ಕಾರಣವಿತ್ತು. ಅಪರಿಮಿತ ಹೊಣೆಯ ಸಂಘದಲ್ಲಿ ನಾಲ್ಕು ಜನ ಬಲಿಷ್ಠರು ರಾತ್ರೋರಾತ್ರಿ ನಿಯಮ ತಿರುಚಿದರೆ ಉಳಿದವರ ಗತಿಯೇನು? ಸಂಘಕ್ಕೆ ಸಾಲ ಕೊಟ್ಟ ಹೊರಗಿನವರು ಯಾವ ನಿಯಮವನ್ನು ನಂಬಬೇಕು? ಹೊರಗಿನ ಒಬ್ಬ ಅಧಿಕಾರಿಯ ಕಣ್ಣು ಬೇಕಿತ್ತು. ಆದರೆ ಗಮನಿಸಿ, ಆ ಅಧಿಕಾರಿ ದೃಢೀಕರಿಸುವುದು ತಿದ್ದುಪಡಿಯ ಪ್ರತಿಯನ್ನು, ತಿದ್ದಿದ ಮೇಲಿನ ಇಡೀ ಉಪವಿಧಿಯನ್ನಲ್ಲ. ಅದೇ ಕಾಯ್ದೆಯ 16ನೇ ಕಲಮು, ಪ್ರತಿ ಸಂಘವೂ ಕಾಯ್ದೆ, ನಿಯಮ ಮತ್ತು ತನ್ನ ಉಪವಿಧಿಗಳ ಒಂದೊಂದು ಪ್ರತಿಯನ್ನು ತನ್ನ ಕಚೇರಿಯಲ್ಲಿ ಯಾರು ಬಂದರೂ ಬಿಟ್ಟಿಯಾಗಿ ನೋಡುವಂತೆ ಇಡಬೇಕು ಎಂದಿತು. ಕಾಗದದ ಮೇಲೆ ಸದಸ್ಯನ ಓದಿನ ಹಕ್ಕು ಉಳಿಯಿತು. ನೋಡಲು ಸಿಗಬೇಕಾದ ಆ ಪ್ರತಿ ತಿದ್ದುಪಡಿಗಳನ್ನೆಲ್ಲ ಒಳಗೆ ಸೇರಿಸಿದ್ದೋ, ಮೊದಲ ದಿನದ್ದೋ ಎಂಬುದನ್ನು ಮಾತ್ರ ಯಾರೂ ಬಿಡಿಸಿ ಹೇಳಲಿಲ್ಲ. ಹತ್ತು ದಿನ ಮುಂಚೆ ಮನೆಗೆ ಬರುತ್ತಿದ್ದ ಕಾಗದದಿಂದ, ಕಚೇರಿಗೆ ಹೋದರೆ ಸಿಗಬಹುದಾದ ಕಾಗದಕ್ಕೆ ಸದಸ್ಯನ ಹಕ್ಕು ಇಳಿದದ್ದು ಹೀಗೆ.

ಇದರ ಪರಿಣಾಮ ಸಂಘದ ದಿನನಿತ್ಯದ ಕೆಲಸದಲ್ಲಿ ಹೇಗೆ ಕಾಣುತ್ತದೆ ಎಂಬುದನ್ನು ತಿದ್ದುಪಡಿ ಸಾಗುವ ದಾರಿಯೇ ತೋರಿಸುತ್ತದೆ. ಆಡಳಿತ ಮಂಡಳಿ ಒಂದು ಪಟ್ಟಿ ತಯಾರಿಸುತ್ತದೆ: ಒಂದು ಅಂಕಣದಲ್ಲಿ ಹಾಲಿ ಇರುವ ಉಪವಿಧಿ, ಪಕ್ಕದಲ್ಲಿ ತಿದ್ದುಪಡಿಯಾಗಬೇಕಾದ ಉಪವಿಧಿ, ಅದರ ಪಕ್ಕದಲ್ಲಿ ಕಾರಣ. ಸರ್ವಸದಸ್ಯರ ಸಭೆಯಲ್ಲಿ ಅದನ್ನು ಓದಿ, ಠರಾವು ಮಾಡಿ, ನಡವಳಿ ಪುಸ್ತಕದಲ್ಲಿ ಬರೆದು, ನಕಲುಗಳೊಂದಿಗೆ ಇಲಾಖೆಗೆ ಕಳುಹಿಸುತ್ತಾರೆ. ಅಲ್ಲಿಂದ ಮೊಹರು ಬಿದ್ದು ಬಂದ ಹಾಳೆಯನ್ನು ಮೂಲ ಪುಸ್ತಕದ ಹಿಂದೆ ಲಗತ್ತಿಸಿ ಕಡತ ಮುಚ್ಚುತ್ತಾರೆ. ಆ ಪಟ್ಟಿ ಒಂದು ದಿನದ ಮಟ್ಟಿಗೆ ಉತ್ತರಮೇರೂರಿನ ಗೋಡೆಯಷ್ಟೇ ಸ್ಪಷ್ಟ. ತೊಡಕು ಶುರುವಾಗುವುದು ಎರಡನೆಯ, ಮೂರನೆಯ, ಹತ್ತನೆಯ ತಿದ್ದುಪಡಿಯಲ್ಲಿ. ಹಿಂದೆ ತಿದ್ದಿದ ಕಲಮನ್ನು ಮತ್ತೆ ತಿದ್ದುವಾಗ ‘ಹಾಲಿ’ ಅಂಕಣದಲ್ಲಿ ಮೂಲ ಪುಸ್ತಕದ ಸಾಲು ಬರೆದುಬಿಟ್ಟರೆ ನಡುವಿನ ತಿದ್ದುಪಡಿ ಉಳಿಯಿತೋ ಅಳಿಯಿತೋ ಗೊತ್ತಾಗುವುದಿಲ್ಲ. ಕಲಮೊಂದನ್ನು ಕೈಬಿಟ್ಟು ಮುಂದಿನವಕ್ಕೆ ಹೊಸ ಸಂಖ್ಯೆ ಕೊಟ್ಟರೆ ಬೇರೆಡೆ ‘ಮೇಲೆ ಹೇಳಿದ 14ನೇ ಉಪವಿಧಿಯಂತೆ’ ಎಂದಿರುವ ಮಾತು ದಿಕ್ಕು ತಪ್ಪುತ್ತದೆ. ಇವೆಲ್ಲವನ್ನೂ ತಲೆಯಲ್ಲಿ ಇಟ್ಟುಕೊಂಡವರು ಸಂಘದಲ್ಲಿ ಒಬ್ಬರೋ ಇಬ್ಬರೋ ಇರುತ್ತಾರೆ. ಸಾಮಾನ್ಯವಾಗಿ ಹಳೆಯ ಕಾರ್ಯದರ್ಶಿ. ಅವರು ಸಜ್ಜನರೇ ಇರಬಹುದು. ಆದರೆ ನಿಯಮ ಒಬ್ಬರ ನೆನಪಿನಲ್ಲಿ ಮಾತ್ರ ಪೂರ್ತಿಯಾಗಿ ಇದೆ ಎಂದಾದರೆ, ಆ ಸಂಘದಲ್ಲಿ ಒಬ್ಬ ಸದಸ್ಯನಿಗೆ ಒಂದು ಮತ ಎಂಬ ತತ್ವ ಅರ್ಧ ಮಾತ್ರ ಉಳಿದಿದೆ ಎಂದೇ ಅರ್ಥ. ಎಲ್ಲರಿಗೂ ಒಂದೊಂದು ಮತವಿದೆ. ಯಾವುದರ ಮೇಲೆ ಮತ ಹಾಕುತ್ತಿದ್ದೇವೆ ಎಂಬ ತಿಳಿವಳಿಕೆ ಎಲ್ಲರಿಗೂ ಇಲ್ಲ.

ಕರ್ನಾಟಕದಲ್ಲಿ ಈ ಪದರಗಳು ಇನ್ನೂ ದಟ್ಟವಾಗಲು ಚರಿತ್ರೆಯ ಕಾರಣವಿದೆ. 1919ರ ಸುಧಾರಣೆಗಳ ನಂತರ ಸಹಕಾರ ಪ್ರಾಂತಗಳ ವಿಷಯವಾಯಿತು. ಮುಂಬಯಿ 1925ರಲ್ಲಿ, ಮದ್ರಾಸು 1932ರಲ್ಲಿ, ಕೊಡಗು 1936ರಲ್ಲಿ ತಮ್ಮ ತಮ್ಮ ಕಾಯ್ದೆ ಮಾಡಿಕೊಂಡವು. ಹೈದರಾಬಾದು ಸಂಸ್ಥಾನಕ್ಕೆ ಅದರದ್ದೇ ಇತ್ತು. ಮೈಸೂರು 1948ರಲ್ಲಿ ಹೊಸದೊಂದನ್ನು ತಂದಿತು. 1956ರಲ್ಲಿ ರಾಜ್ಯಗಳ ಪುನರ್ವಿಂಗಡಣೆಯಾದಾಗ ಹೊಸ ಮೈಸೂರು ರಾಜ್ಯ ಐದು ಬಗೆಯ ಸಹಕಾರ ಕಾನೂನುಗಳನ್ನು ತನ್ನ ಮಡಿಲಲ್ಲಿ ತುಂಬಿಕೊಂಡಿತು. ಧಾರವಾಡದ ಸಂಘದ ಉಪವಿಧಿ ಒಂದು ಕಾಯ್ದೆಯ ಭಾಷೆಯಲ್ಲಿ, ಮೊಳಹಳ್ಳಿ ಶಿವರಾಯರಂಥವರು ಬೆಳೆಸಿದ ದಕ್ಷಿಣ ಕನ್ನಡದ ಸಂಘಗಳದ್ದು ಇನ್ನೊಂದರ ಭಾಷೆಯಲ್ಲಿ, ಕಲಬುರಗಿಯದ್ದು ಮತ್ತೊಂದರಲ್ಲಿ. 1959ರ ಕಾಯ್ದೆ ಐದನ್ನೂ ತೆಗೆದು ಒಂದನ್ನು ತಂದಿತು, ಮರುವರ್ಷ ಅದು ಜಾರಿಯಾಯಿತು. ಕಾಯ್ದೆಗಳನ್ನು ಒಂದೇ ದಿನ ರದ್ದು ಮಾಡಬಹುದು. ಸಾವಿರಾರು ಸಂಘಗಳ ಉಪವಿಧಿಗಳನ್ನು ಹಾಗೆ ಮಾಡಲು ಬರುವುದಿಲ್ಲ. ಇಂಥ ಸಂದರ್ಭಗಳಲ್ಲಿ ಕಾನೂನು ಹಿಡಿಯುವ ದಾರಿ ಒಂದೇ: ಹೊಸ ಕಾಯ್ದೆಗೆ ವಿರುದ್ಧವಾಗದ ಮಟ್ಟಿಗೆ ಹಳೆಯದು ಮುಂದುವರಿಯುತ್ತದೆ. ಆಡಳಿತದ ದೃಷ್ಟಿಯಿಂದ ಅದು ಜಾಣತನ. ಆದರೆ ಯಾವ ಸಾಲು ವಿರುದ್ಧ, ಯಾವುದು ಅಲ್ಲ ಎಂದು ಪ್ರತಿ ಉಪವಿಧಿಯನ್ನೂ ಹಿಡಿದು ನೋಡುವ ಹೊರೆ ಸಂಘದ ಹೆಗಲಿಗೆ ಬಿತ್ತು. ಪುಸ್ತಕದಲ್ಲಿ ಅಚ್ಚಾಗಿರುವ ಸಾಲೊಂದು ಸತ್ತಿದೆಯೋ ಬದುಕಿದೆಯೋ ಎಂದು ತಿಳಿಯಲು ಸದಸ್ಯ ಇನ್ನೊಂದು ಪುಸ್ತಕ ತೆರೆಯಬೇಕಾಯಿತು.

ಇದೆಲ್ಲ ಹಳೆಯ ಮಾತು ಎನ್ನುವವರಿಗೆ 2012ರ ನಂತರದ ದಶಕ ಉತ್ತರ ಕೊಡುತ್ತದೆ. ಸಂವಿಧಾನದ 97ನೇ ತಿದ್ದುಪಡಿ 2012ರ ಫೆಬ್ರವರಿ 15ರಂದು ಜಾರಿಗೆ ಬಂತು. ಸಹಕಾರ ಸಂಘ ಕಟ್ಟಿಕೊಳ್ಳುವುದು ಮೂಲಭೂತ ಹಕ್ಕಿನ ಸಾಲಿಗೆ ಸೇರಿತು; ಆಡಳಿತ ಮಂಡಳಿಯಲ್ಲಿ ನಿರ್ದೇಶಕರು 21ಕ್ಕಿಂತ ಹೆಚ್ಚಿರಬಾರದು, ಅವಧಿ ಐದು ವರ್ಷ, ಮಹಿಳೆಯರಿಗೆ ಎರಡು ಸ್ಥಾನ, ಪರಿಶಿಷ್ಟರಿಗೆ ಒಂದು ಎಂಬ ನಿಯಮಗಳು ಬಂದವು. ರಾಜ್ಯಗಳು ಒಂದು ವರ್ಷದೊಳಗೆ ತಮ್ಮ ಕಾಯ್ದೆಗಳನ್ನು ಸರಿಹೊಂದಿಸಬೇಕಿತ್ತು, ಕರ್ನಾಟಕವೂ ಹೊಂದಿಸಿತು, ಅದರ ಬೆನ್ನಿಗೆ ಸಂಘಗಳು ಉಪವಿಧಿ ತಿದ್ದಿದವು. ಅವುಗಳಲ್ಲಿ ಸದಸ್ಯನಿಗೆ ನೇರವಾಗಿ ತಾಗಿದ್ದು ಮತದ ಅರ್ಹತೆ. ಸರ್ವಸದಸ್ಯರ ಸಭೆಗಳಿಗೆ ಗೊತ್ತುಪಡಿಸಿದಷ್ಟು ಬಾರದವರು, ಸಂಘದಿಂದ ಕನಿಷ್ಠ ಪ್ರಮಾಣದ ಸೇವೆ ಪಡೆಯದವರು ಮತದಾನದ ಹಕ್ಕು ಕಳೆದುಕೊಳ್ಳುತ್ತಾರೆ ಎಂದಾಯಿತು. ಕನಿಷ್ಠ ಸೇವೆ ಎಂದರೆ ಎಷ್ಟು ಎಂಬುದಕ್ಕೆ ಉಪವಿಧಿಯ ಕಡೆಗೆ ನೋಡಬೇಕಾಯಿತು. ಚುನಾವಣೆ ಬಂದಾಗ ಅರ್ಹರ ಪಟ್ಟಿ, ಅನರ್ಹರ ಪಟ್ಟಿ ಎಂದು ಎರಡು ಪಟ್ಟಿಗಳು ಗೋಡೆಗೆ ಬಿದ್ದವು, ಅನರ್ಹರು ನ್ಯಾಯಾಲಯದ ಮೆಟ್ಟಿಲೇರಿದರು. ಹಲವರಿಗೆ ತಾವು ಯಾವ ನಿಯಮ ಮುರಿದೆವು ಎಂಬುದು ಪಟ್ಟಿಯಲ್ಲಿ ತಮ್ಮ ಹೆಸರು ಕಂಡಾಗಲೇ ತಿಳಿದದ್ದು. ನಿಯಮ ನ್ಯಾಯವಾದದ್ದೋ ಅಲ್ಲವೋ ಎಂಬ ಚರ್ಚೆ ಬೇರೆ. ಸಭೆಗೆ ಬಾರದಿದ್ದರೆ ಮತ ಹೋಗುತ್ತದೆ ಎಂದು ಬರೆದ ಪುಸ್ತಕ, ಸಭೆಗೆ ಬರಬೇಕಾದವನ ಕೈಗೆ ಮೊದಲೇ ಸೇರದಿದ್ದರೆ ಅದು ಶಿಸ್ತಿನ ನಿಯಮವಾಗಿ ಉಳಿಯುವುದಿಲ್ಲ, ಬಲೆಯಾಗುತ್ತದೆ. ಆಮೇಲೆ 2021ರ ಜುಲೈನಲ್ಲಿ ಸರ್ವೋಚ್ಚ ನ್ಯಾಯಾಲಯ, ರಾಜ್ಯಗಳ ಅನುಮೋದನೆ ಪಡೆಯದ ಕಾರಣಕ್ಕೆ, ಆ ತಿದ್ದುಪಡಿಯ ಸಹಕಾರ ಭಾಗ ಒಂದೇ ರಾಜ್ಯದ ಸಂಘಗಳಿಗೆ ಅನ್ವಯಿಸದು ಎಂದಿತು. ರಾಜ್ಯದ ಕಾಯ್ದೆಯಲ್ಲಿ ಸೇರಿದ ಸಾಲುಗಳು ಅದರಿಂದ ತಾವಾಗಿಯೇ ಮಾಯವಾಗಲಿಲ್ಲ. ಮೇಲಿನ ಆಧಾರ ಹೋಗಿ ಕೆಳಗಿನ ನಿಯಮ ಉಳಿಯುವ ಇಂಥ ಗಳಿಗೆಯಲ್ಲಿ, ಒಂದೊಂದು ಉಪವಿಧಿ ಯಾವಾಗ, ಯಾಕೆ ಬಂತು ಎಂಬ ಟಿಪ್ಪಣಿ ಇಲ್ಲದ ಸಂಘ ಕತ್ತಲಲ್ಲಿ ತಡಕಾಡುತ್ತದೆ.

ನ್ಯಾಯಾಲಯಗಳು ಉಪವಿಧಿಗೆ ಕೊಟ್ಟ ಸ್ಥಾನವೂ ಈ ವಾದವನ್ನೇ ಗಟ್ಟಿ ಮಾಡುತ್ತದೆ. ಸಹಕಾರ ಸಂಘದ ಉಪವಿಧಿಗೆ ಶಾಸನದ ಬಲವಿಲ್ಲ, ಅದು ಕಂಪನಿಯೊಂದರ ಒಳನಿಯಮಗಳಂತೆ ಸಂಘ ಮತ್ತು ಸದಸ್ಯರನ್ನು ಕಟ್ಟುವ ಒಪ್ಪಂದ ಎಂದು ಸರ್ವೋಚ್ಚ ನ್ಯಾಯಾಲಯ 1969ರಲ್ಲಿ ಆಂಧ್ರದ ಸಹಕಾರಿ ಬ್ಯಾಂಕುಗಳ ಪ್ರಕರಣದಲ್ಲಿ ಹೇಳಿತು. 2005ರಲ್ಲಿ ಅಹಮದಾಬಾದಿನ ಜೊರಾಸ್ಟ್ರಿಯನ್ ಗೃಹನಿರ್ಮಾಣ ಸಂಘದ ಪ್ರಕರಣದಲ್ಲಿ, ಪಾರ್ಸಿಗಳಿಗೆ ಮಾತ್ರ ಸದಸ್ಯತ್ವ ಎಂಬ ಉಪವಿಧಿ ಕಾಯ್ದೆಗೆ ವಿರುದ್ಧವಲ್ಲದಿರುವಾಗ, ಒಪ್ಪಿ ಸೇರಿದ ಸದಸ್ಯರನ್ನು ಅದು ಕಟ್ಟಿಹಾಕುತ್ತದೆ ಎಂದಿತು. ಆ ತೀರ್ಪನ್ನು ಮೆಚ್ಚಬಹುದು, ಟೀಕಿಸಲೂಬಹುದು. ಅದರ ತರ್ಕ ಮಾತ್ರ ಒಪ್ಪಿಗೆಯ ಮೇಲೆ ನಿಂತಿದೆ. ಅದಕ್ಕೂ ಮುಂಚೆ, 1971ರಲ್ಲಿ, ಅಲಹಾಬಾದಿನ ಹಿಂದಿ ಸಾಹಿತ್ಯ ಸಮ್ಮೇಳನದ ಪ್ರಕರಣ ಬಂದಿತ್ತು. ಸಂಸತ್ತು 1962ರಲ್ಲಿ ಕಾಯ್ದೆ ಮಾಡಿ ಆ ಸಂಘದ ಸದಸ್ಯತ್ವದ ಸ್ವರೂಪವನ್ನೇ ಬದಲಿಸಿತ್ತು. ಸಂಘ ಕಟ್ಟುವ ಹಕ್ಕಿನಲ್ಲಿ ತಾವು ಒಪ್ಪಿದವರೊಂದಿಗೆ ಅದನ್ನು ಮುಂದುವರಿಸುವ ಹಕ್ಕೂ ಸೇರಿದೆ ಎಂದು ನ್ಯಾಯಾಲಯ ಆ ಕಾಯ್ದೆಯನ್ನು ತಳ್ಳಿಹಾಕಿತು. ಕಾಯ್ದೆಯಿಂದಲೇ ಹುಟ್ಟುವ ಸಹಕಾರ ಸಂಘಗಳಿಗೆ ಅಷ್ಟು ರಕ್ಷಣೆಯನ್ನು ನ್ಯಾಯಾಲಯಗಳು ಕೊಟ್ಟಿಲ್ಲ, ಅದು ನಿಜ. ಆದರೂ ಮೂರು ತೀರ್ಪುಗಳನ್ನು ಒಟ್ಟಿಗೆ ಇಟ್ಟು ನೋಡಿದರೆ ಸದಸ್ಯನ ಒಪ್ಪಿಗೆಯೇ ಇಡೀ ಕಟ್ಟಡದ ಅಡಿಗಲ್ಲು ಎಂಬುದು ಕಾಣುತ್ತದೆ. ಈಗಿನ ರೂಪದಲ್ಲಿ ಎಲ್ಲಿಯೂ ಒಟ್ಟಾಗಿ ಬರೆದಿರದ ಒಪ್ಪಂದಕ್ಕೆ ಒಬ್ಬನು ಒಪ್ಪಿದ್ದಾನೆ ಎನ್ನುವುದು ಕಾನೂನಿನಲ್ಲಿ ನಿಲ್ಲಬಹುದು, ನ್ಯಾಯದಲ್ಲಿ ನಿಲ್ಲಲಾರದು.

ಇಲ್ಲಿ ಮೊದಲ ಆಕ್ಷೇಪ ಏಳುತ್ತದೆ: ಯಾರು ಓದುತ್ತಾರೆ? ಸದಸ್ಯರಿಗೆ ಬೇಕಾದ್ದು ಬೀಜ, ಗೊಬ್ಬರ, ಸಾಲ, ಹಾಲಿನ ಬಟವಾಡೆ. ಉಪವಿಧಿಯ ಪುಸ್ತಕ ಕೊಟ್ಟರೆ ಅಟ್ಟಕ್ಕೆ ಹೋಗುತ್ತದೆ. ಬಹುಪಾಲು ಸದಸ್ಯರ ಮಟ್ಟಿಗೆ, ಬಹುಪಾಲು ದಿನಗಳ ಮಟ್ಟಿಗೆ ಇದು ಸರಿ. ಆದರೆ ನಿಯಮದ ಪುಸ್ತಕ ಎಲ್ಲರೂ ದಿನವೂ ಓದಲೆಂದು ಇರುವುದಲ್ಲ. ಸಾಲದ ಅರ್ಜಿ ತಿರಸ್ಕೃತವಾದ ದಿನ, ಮತದಾರರ ಪಟ್ಟಿಯಿಂದ ಹೆಸರು ಬಿದ್ದ ದಿನ, ತಂದೆ ತೀರಿಕೊಂಡು ಷೇರು ವರ್ಗಾಯಿಸಬೇಕಾದ ದಿನ ಒಬ್ಬ ಸದಸ್ಯ ಅದನ್ನು ಹುಡುಕುತ್ತಾನೆ, ಅಂದು ಅದು ಸಿಗಬೇಕು. ಹತ್ತು ಜನ ಓದದಿದ್ದರೂ ಹನ್ನೊಂದನೆಯವನು ಓದಬಲ್ಲ ಎಂಬ ಸಾಧ್ಯತೆಯೇ ಆಡಳಿತ ಮಂಡಳಿಯನ್ನು ಹದ್ದುಬಸ್ತಿನಲ್ಲಿಡುತ್ತದೆ. ಅಕ್ಷರ ಬಲ್ಲವರು ಕಡಿಮೆಯಿದ್ದ ಕಾಲದಲ್ಲಿಯೇ ಈ ಮಾತು ಚರ್ಚೆಗೆ ಬಂದಿತ್ತು. 1915ರಲ್ಲಿ ವರದಿ ಕೊಟ್ಟ ಮ್ಯಾಕ್‌ಲಗನ್ ಸಮಿತಿ, ಸಂಘ ನೋಂದಾಯಿಸುವ ಮೊದಲೂ ಆಮೇಲೂ ಸಹಕಾರದ ತತ್ವಗಳನ್ನು ಸದಸ್ಯರಿಗೆ ಕಲಿಸಬೇಕೆಂದು ಒತ್ತಿ ಹೇಳಿತ್ತು. ಓದಲು ಬಾರದವರಿಗೆ ನಿಯಮ ಬೇಡ ಎಂದು ಅದು ತೀರ್ಮಾನಿಸಲಿಲ್ಲ. ಇಂದು ಅಕ್ಷರಸ್ಥರು ಹೆಚ್ಚಿರುವಾಗ ‘ಯಾರು ಓದುತ್ತಾರೆ’ ಎನ್ನುವುದು ಜನರ ಸ್ವಭಾವದ ವರ್ಣನೆಗಿಂತ ಹೆಚ್ಚಾಗಿ ಆಡಳಿತದ ಅನುಕೂಲದ ಮಾತು.

ಎರಡನೆಯ ಆಕ್ಷೇಪ ಇದಕ್ಕಿಂತ ಗಂಭೀರ. ತಿದ್ದುಪಡಿಗಳನ್ನೆಲ್ಲ ಸೇರಿಸಿ ಹೊಸದಾಗಿ ಬರೆಯುವಾಗ, ಸ್ಪಷ್ಟಪಡಿಸುತ್ತೇವೆ ಎಂಬ ನೆಪದಲ್ಲಿ ಹೊಸ ಅರ್ಥವನ್ನು ತುರುಕಬಹುದಲ್ಲವೇ? ಖಂಡಿತ ತುರುಕಬಹುದು. ‘ಬಹುದು’ ಇದ್ದಲ್ಲಿ ‘ತಕ್ಕದ್ದು’ ಬರೆದರೆ ಸಾಕು, ಇಷ್ಟವಿದ್ದರೆ ಮಾಡುವ ಕೆಲಸ ಕಡ್ಡಾಯವಾಗುತ್ತದೆ. ‘ಸದಸ್ಯರು’ ಇದ್ದಲ್ಲಿ ‘ಅರ್ಹ ಸದಸ್ಯರು’ ಎಂದು ಒಂದು ಪದ ಸೇರಿಸಿದರೆ ನೂರಾರು ಜನ ಹೊರಗೆ ಹೋಗಬಹುದು. ಆದ್ದರಿಂದ ಸ್ಪಷ್ಟೀಕರಣ ಮತ್ತು ತಿದ್ದುಪಡಿ ಇವೆರಡರ ನಡುವೆ ಗೆರೆ ಎಳೆಯಲೇಬೇಕು, ಆ ಗೆರೆಗೆ ಒಂದು ನೇರವಾದ ಪರೀಕ್ಷೆ ಇದೆ. ಹೊಸ ಬರಹ ಜಾರಿಗೆ ಬಂದ ಮರುದಿನ ಯಾವನೇ ಸದಸ್ಯನ ಹಕ್ಕು, ಹೊಣೆ, ಮತ, ಹಣ ಇವುಗಳಲ್ಲಿ ಒಂದಾದರೂ ಹಿಂದಿನ ದಿನಕ್ಕಿಂತ ಬೇರೆಯಾಗುತ್ತದೆಯೇ? ಆಗುವುದಾದರೆ ಅದು ತಿದ್ದುಪಡಿ. ಸರ್ವಸದಸ್ಯರ ಸಭೆ, ವಿಶೇಷ ಬಹುಮತ, ನೋಂದಣಿ ಎಲ್ಲವೂ ಬೇಕು. ಆಗದಿದ್ದರೆ ಅದು ಸ್ಪಷ್ಟೀಕರಣ. ಆಗಲೂ ಸಭೆಯ ಮುಂದಿಡುವುದು ಲೇಸು. ಒಂದು ಸಾಲಿಗೆ ಎರಡು ಅರ್ಥ ಹೊರಡುತ್ತಿದ್ದು, ಅವುಗಳಲ್ಲಿ ಒಂದನ್ನು ಖಚಿತಗೊಳಿಸುವುದು ಈ ಪರೀಕ್ಷೆಯಂತೆ ತಿದ್ದುಪಡಿಯೇ, ಏಕೆಂದರೆ ಇನ್ನೊಂದು ಅರ್ಥವನ್ನು ನಂಬಿ ನಡೆದುಕೊಂಡವರು ಇರುತ್ತಾರೆ. ಹೀಗಾಗಿ ಈ ಆಕ್ಷೇಪ ಒಟ್ಟುಗೂಡಿಸುವ ಕೆಲಸವೇ ಬೇಡ ಎಂದು ಸಾಧಿಸುವುದಿಲ್ಲ, ಅದನ್ನು ಬೆಳಕಿನಲ್ಲಿ ಮಾಡಬೇಕು ಎಂದು ಸಾಧಿಸುತ್ತದೆ. ಅದೂ ಅಲ್ಲದೆ, ಹಳೆಯ ರಾಶಿಯ ಮರೆಯಲ್ಲಿ ಅರ್ಥ ತಿರುಚುವುದು ಇನ್ನೂ ಸುಲಭ. ಅಲ್ಲಿ ಹೋಲಿಸಿ ನೋಡಲು ಏನೂ ಇರುವುದಿಲ್ಲ.

ಮೂರನೆಯವರು ಹೇಳುವುದು, ಇಷ್ಟೆಲ್ಲ ಸಂಘಗಳೇ ಏಕೆ ಮಾಡಬೇಕು, ಮಾದರಿ ಉಪವಿಧಿ ಇದೆಯಲ್ಲ ಎಂದು. 2023ರ ಜನವರಿಯಲ್ಲಿ ಕೇಂದ್ರ ಸಹಕಾರ ಸಚಿವಾಲಯ ಪ್ರಾಥಮಿಕ ಕೃಷಿ ಪತ್ತಿನ ಸಂಘಗಳಿಗೆಂದು ಮಾದರಿ ಉಪವಿಧಿಗಳನ್ನು ರಾಜ್ಯಗಳಿಗೆ ಕಳುಹಿಸಿತು. ಅದರಂತೆ ಸಾಲ ಕೊಡುವ ಸಂಘ ಗೋದಾಮು, ಪೆಟ್ರೋಲ್ ಬಂಕ್ ಸೇರಿದಂತೆ 25ಕ್ಕೂ ಹೆಚ್ಚು ಬಗೆಯ ಕೆಲಸಗಳಿಗೆ ಕೈಹಾಕಬಹುದು. ಮಾದರಿಯ ಲಾಭ ದೊಡ್ಡದು: ಭಾಷೆ ಒಂದೇ, ಕಾಯ್ದೆಯೊಂದಿಗೆ ತಾಳೆ, ವಕೀಲರ ಖರ್ಚಿಲ್ಲ. ಹಳೆಯ ಪದರಗಳನ್ನು ಒಂದೇ ಏಟಿಗೆ ಗುಡಿಸಿಹಾಕುವ ಶಕ್ತಿಯೂ ಅದಕ್ಕಿದೆ. ಆದರೆ ಅದೇ ಅದರ ಅಪಾಯ. ಒಂದೇ ಠರಾವಿನಲ್ಲಿ ‘ಹಾಲಿ ಉಪವಿಧಿಗಳ ಬದಲಿಗೆ ಮಾದರಿ ಉಪವಿಧಿಗಳನ್ನು ಅಂಗೀಕರಿಸಲಾಗಿದೆ’ ಎಂದಾದಾಗ ಹಿಂದಿದ್ದ ಯಾವ ಸ್ಥಳೀಯ ರಕ್ಷಣೆ ಹೋಯಿತು, ಯಾವ ಹೊಸ ಹೊಣೆ ಬಂತು ಎಂಬುದು ಸಭೆಯಲ್ಲಿ ಕೂತವರಿಗೂ ಕಾಣದೆ ಹೋಗಬಹುದು. ಪೆಟ್ರೋಲ್ ಬಂಕಿನ ನಷ್ಟ ಸಾಲದ ನಿಧಿಗೆ ತಾಗುತ್ತದೆಯೇ ಎಂಬ ಪ್ರಶ್ನೆ ಪತ್ತಿನ ಸಂಘದ ಸದಸ್ಯನಿಗೆ ಸಣ್ಣದಲ್ಲ. ಇಲಾಖೆಯ ಹಿಡಿತ ಸಡಿಲಿಸಲೆಂದು ಕರ್ನಾಟಕ 1997ರ ಸೌಹಾರ್ದ ಸಹಕಾರಿ ಕಾಯ್ದೆ ತಂದಾಗ ಸ್ವಾಯತ್ತತೆಯ ಹೆಸರಿನಲ್ಲಿ ಸಂಘಗಳಿಗೆ ಹೆಚ್ಚು ಸ್ವಾತಂತ್ರ್ಯ ಸಿಕ್ಕಿತು. ಸ್ವಾತಂತ್ರ್ಯ ಹೆಚ್ಚಿದಷ್ಟೂ ಅಧಿಕಾರಿಯ ಕಣ್ಣು ದೂರವಾಗುತ್ತದೆ, ಆ ಕಣ್ಣಿನ ಜಾಗವನ್ನು ಸದಸ್ಯರ ಕಣ್ಣು ತುಂಬಬೇಕಾಗುತ್ತದೆ. ಮೇಲಿಂದ ಬಂದ ಮಾದರಿಯಾಗಲಿ, ತಾವೇ ಬರೆದುಕೊಂಡ ನಿಯಮವಾಗಲಿ, ಓದುವ ಅಗತ್ಯದಿಂದ ಯಾವುದೂ ಬಿಡುಗಡೆ ಕೊಡುವುದಿಲ್ಲ.

ಕೊನೆಯ ಆಕ್ಷೇಪ ವಾದದ ಮಿತಿಯನ್ನು ತೋರಿಸುವಂಥದ್ದು. ನಿಯಮ ಎಷ್ಟೇ ಸ್ಪಷ್ಟವಿದ್ದರೂ ಬಹುಮತ ಅದನ್ನು ಕೆಡಿಸಬಲ್ಲದು. ಇಂಗ್ಲೆಂಡಿನ ರಾಚ್‌ಡೇಲ್‌ನಲ್ಲಿ 1844ರಲ್ಲಿ ಅಂಗಡಿ ತೆರೆದು ಜಗತ್ತಿನ ಸಹಕಾರ ಚಳವಳಿಗೆ ಮಾದರಿಯಾದ ನೇಕಾರರ ಬಳಗ 1854ರಲ್ಲಿ ಹತ್ತಿಯ ಗಿರಣಿಗಾಗಿ ಬೇರೊಂದು ಸಂಘ ಕಟ್ಟಿತು. ಲಾಭದಲ್ಲಿ ಬಂಡವಾಳಕ್ಕೆ ಪಾಲು ಇರುವಂತೆ ದುಡಿಯುವವರಿಗೂ ಪಾಲು ಎಂಬುದು ಅದರ ಹೆಮ್ಮೆಯ ನಿಯಮ. ಗಿರಣಿ ಬೆಳೆಯಿತು, ಲಾಭ ನೋಡಿ ಬಂದ ಹೊಸ ಷೇರುದಾರರು ಹೆಚ್ಚಿದರು, 1862ರಲ್ಲಿ ಅವರ ಮತದಿಂದಲೇ ದುಡಿಮೆಗಾರರ ಪಾಲು ರದ್ದಾಯಿತು. ಅಲ್ಲಿ ಗೊಂದಲವೇನೂ ಇರಲಿಲ್ಲ. ಏನು ಬದಲಾಗುತ್ತಿದೆ ಎಂದು ಎಲ್ಲರಿಗೂ ಗೊತ್ತಿತ್ತು. ಸ್ಪಷ್ಟತೆ ಸಂಘದ ಆದರ್ಶವನ್ನು ಕಾಪಾಡುವುದಿಲ್ಲ ಎಂಬುದನ್ನು ಒಪ್ಪಲೇಬೇಕು. ಅದು ಕಾಪಾಡುವುದು ಬೇರೆಯದನ್ನು. ರಾಚ್‌ಡೇಲ್‌ನ ಸೋಲು ಬಯಲಲ್ಲಿ ನಡೆದ ಸೋಲು.

ಬಯಲಲ್ಲಿ ನಡೆದದ್ದರಿಂದಲೇ ಸಹಕಾರ ಎಂದರೆ ಬಂಡವಾಳದ ಕೂಟವೋ ದುಡಿಮೆಯ ಕೂಟವೋ ಎಂಬ ಚರ್ಚೆ ಆಮೇಲೆ ದಶಕಗಳ ಕಾಲ ಅದನ್ನೇ ಉದಾಹರಣೆಯಾಗಿ ಹಿಡಿದು ನಡೆಯಿತು. ಕಡತದೊಳಗೆ ನಡೆದ ಸೋಲಿನಿಂದ ಯಾರೂ ಪಾಠ ಕಲಿಯಲಾರರು, ಏಕೆಂದರೆ ಸೋತದ್ದೇ ಸೋತವರಿಗೆ ತಿಳಿದಿರುವುದಿಲ್ಲ. ಹೀಗಾಗಿ ತಿದ್ದುಪಡಿ ನೋಂದಣಿಯಾಗಿ ಬಂದಾಗಲೆಲ್ಲ ಸಂಘ ಮಾಡಬೇಕಾದ್ದು ಹೆಚ್ಚೇನಿಲ್ಲ: ಇಡೀ ಉಪವಿಧಿಯನ್ನು ಈಗಿನ ರೂಪದಲ್ಲಿ ಕನ್ನಡದಲ್ಲಿ ಒಂದೇ ಪುಸ್ತಕವಾಗಿ ಬರೆಯುವುದು, ಬದಲಾದ ಪ್ರತಿ ಕಲಮಿನ ಕೆಳಗೆ ಯಾವ ಸಭೆಯ ಠರಾವು, ಯಾವ ದಿನದ ನೋಂದಣಿ, ಯಾವ ಕಾರಣ ಎಂದು ನಮೂದಿಸುವುದು, ಹಳೆಯ ಪಾಠವನ್ನು ಎಸೆಯದೆ ಹೋಲಿಕೆಗೆ ಇಡುವುದು, ಮುಂದಿನ ಸಭೆಯ ನೋಟೀಸಿನೊಂದಿಗೆ ಸದಸ್ಯರ ಮನೆಗೆ ಮುಟ್ಟಿಸುವುದು. ಇದಕ್ಕೆ ಹೊಸ ಕಾನೂನು ಬೇಕಿಲ್ಲ. ಎಲ್ಲರಿಗೂ ಕಾಣುವಂತೆ ಪ್ರತಿ ಇಡಬೇಕೆಂದ 1912ರ ಕಾಯ್ದೆಯ ಮಾತನ್ನು ಪ್ರಾಮಾಣಿಕವಾಗಿ ಅರ್ಥಮಾಡಿಕೊಂಡರೆ ಅದು ಬೇಡುವುದು ಇದನ್ನೇ, ಏಕೆಂದರೆ ರದ್ದಾದ ಸಾಲುಗಳನ್ನು ತೋರಿಸುವ ಪ್ರತಿ ಉಪವಿಧಿಯ ಪ್ರತಿಯೇ ಅಲ್ಲ. ತಿದ್ದುವ ಅಧಿಕಾರವನ್ನು ಸದಸ್ಯರ ಮತಕ್ಕೆ ಕೊಟ್ಟ ವ್ಯವಸ್ಥೆ, ತಿದ್ದಿದ್ದನ್ನು ತಿಳಿಯುವ ಅಧಿಕಾರವನ್ನು ಕಾರ್ಯದರ್ಶಿಯ ನೆನಪಿಗೆ ಬಿಟ್ಟರೆ, ಕೊಟ್ಟದ್ದನ್ನು ಇನ್ನೊಂದು ಕೈಯಿಂದ ಹಿಂದಕ್ಕೆ ಪಡೆದಂತೆಯೇ.